ಬೆಲ್ಲದ ನೀರಿನಲ್ಲಿ ಬಂದೂಕದ ಬ್ರೇಕು

ಬಂದೂಕದ ಬಗ್ಗೆ ನಾಮದೇವನಿಗೆ ಖಚಿತವಾಗಿ ಗೊತ್ತಿದ್ದದ್ದು ಎರಡೇ ಸಂಗತಿ. ಗುಂಡು ಯಾವ ಕಡೆಯಿಂದ ಹೊರಗೆ ಬರುತ್ತದೆ ಎಂಬುದು ಒಂದು, ಆ ಕಡೆ ನಿಲ್ಲಬಾರದು ಎಂಬುದು ಇನ್ನೊಂದು. ಇಷ್ಟೇ ಬಂಡವಾಳದ ಮೇಲೆ ಅವನು ಕಾಗಿಣಾ ರೈಫಲ್ ಕ್ಲಬ್ಬಿನ ಆರ್ಮರರ್, ಅಂದರೆ ಬಂದೂಕಗಳ ಉಸ್ತುವಾರಿಯವನು ಆದದ್ದು ಹೇಗೆ ಎಂದು ಮೊದಲು ಹೇಳದಿದ್ದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ಹೇಳಿದರೂ ನಂಬುತ್ತಾರೆ ಎಂಬ ಭರವಸೆ ನನಗಿಲ್ಲ.

ವಾಡಿಯ ನಾಮದೇವ ಇಪ್ಪತ್ತೆರಡು ವರ್ಷ ಗೇಟು, ಕಿಟಕಿ ಸರಳು, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಣ್ಣ ಹೊಡೆದವನು. ಊರ ಹೊರಗೆ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದರಲ್ಲಿ ಕ್ಲಬ್ಬು ಶುರುವಾದಾಗ ಗುರಿ ಹಲಗೆಗಳಿಗೆ ಬಣ್ಣ ಹೊಡೆಯಲು ಅವನನ್ನು ಕರೆಸಿದ್ದರು. ಅದೇ ದಿನ ಕ್ಲಬ್ಬಿನ ಅಧ್ಯಕ್ಷರು, ಸೇಡಂನಲ್ಲಿ ತೊಗರಿ ಬೇಳೆ ಮಿಲ್ಲು ಇಟ್ಟಿರುವ ಗುರುಲಿಂಗಪ್ಪನವರು, ಹೊಸ ರೈಫಲ್ ತಂದರು. ಅದರ ನಳಿಕೆಯ ತುದಿಗೆ ತಿರುಪಿ ಕೂಡಿಸಿದ ಗೇಣಿಗಿಂತ ಚಿಕ್ಕದಾದ ಉಕ್ಕಿನ ತುಂಡೊಂದಿತ್ತು. ಎರಡೂ ಪಕ್ಕಕ್ಕೆ ಮೂರು ಮೂರು ಕಿಂಡಿ, ಮೇಲೆ ಮಾಸಲು ಕಪ್ಪು ಲೇಪ. ಅದರ ಹೆಸರು ಬ್ರೇಕು. ಗುಂಡಿನ ಹಿಂದೆಯೇ ನುಗ್ಗುವ ಬಿಸಿ ಗಾಳಿಯನ್ನು ಕಿಂಡಿಗಳಿಂದ ಪಕ್ಕಕ್ಕೆ ಹಾಯಿಸಿ, ಹೊಡೆದವರ ಹೆಗಲಿಗೆ ಬೀಳುವ ಗುದ್ದನ್ನು ಕಡಿಮೆ ಮಾಡುವುದು ಅದರ ಕೆಲಸ.

“ಈ ಕರೀ ಬಣ್ಣ ಎಷ್ಟ ದಿನ ಬಾಳ್ತದೋ ಏನೋ” ಎಂದು ಗುರುಲಿಂಗಪ್ಪನವರು ತಮ್ಮಷ್ಟಕ್ಕೆ ಅಂದುಕೊಂಡರು. ಮನಸ್ಸಿನಲ್ಲೇ ಅಂದುಕೊಳ್ಳಬೇಕಿತ್ತು. ಏಣಿಯ ಮೇಲಿದ್ದ ನಾಮದೇವ ಡಬ್ಬಿ ಕೆಳಗಿಟ್ಟು ಬಂದೇ ಬಿಟ್ಟ.

“ಇದು ಬಣ್ಣ ಅಲ್ರಿ ಸಾಹೇಬರ, ಇದಕ್ಕ ಕೋಟಿಂಗ್ ಅಂತಾರ. ಭಟ್ಟ್ಯಾಗ ಸುಟ್ಟು ಕೂಡಿಸಿದ್ದು. ಬೆಂಕಿಗಿ ಅಂಜಂಗಿಲ್ಲ, ಮಳಿಗಿ ಅಂಜಂಗಿಲ್ಲ. ಇದರ ವೈರಿ ಒಬ್ಬಾಂವೇ, ತಿಳಿಲಾರದೆ ತಿಕ್ಕೋ ಮನುಷ್ಯಾ! ತಂತಿ ಬ್ರಶ್ ಹಚ್ಚಿದಿರೋ, ಖತಂ. ಆಸಿಡ್ ಹಾಕಿದಿರೋ, ಡಬಲ್ ಖತಂ!”

ಹೀಗೆ ಮುಕ್ಕಾಲು ಗಂಟೆ. ಅವನು ಹೇಳಿದ್ದೆಲ್ಲ ಗೇಟಿನ ವಿಷಯವೇ. ಆದರೆ ಉಕ್ಕಿಗೆ ಗೇಟು, ಬಂದೂಕ ಎಂಬ ಭೇದವಿಲ್ಲವಾದ್ದರಿಂದ ಅದೆಲ್ಲ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಗುರುಲಿಂಗಪ್ಪನವರು ಬೆರಗಾದರು.

“ನಿನ್ನ ಮೂರ ತಿಂಗಳ ಇಟ್ಕೊಂಡು ನೋಡ್ತೀನಿ, ನಾಮದೇವ. ಚಿಂಚೋಳಿ ಕ್ಲಬ್ಬಿನ ಸಂಗಟ ಮ್ಯಾಚ್ ಅದಲ್ಲ, ಆ ದಿನ ಈ ಬ್ರೇಕ್ ಹಿಂಗೇ ಇತ್ತಂದ್ರ ನೀ ಕಾಯಂ. ಒಂದ ಗೀಚು ಬಿದ್ದಿತ್ತೋ, ಮತ್ತ ಗೇಟಿಗೇ ಹೋಗು.”

ಐವತ್ತೊಂದು ವರ್ಷದ ನಾಮದೇವನ ಮೊಣಕಾಲುಗಳು ಏಣಿ ಹತ್ತಲು ಒಪ್ಪದೆ ಎರಡು ವರ್ಷವಾಗಿತ್ತು. ಬಣ್ಣದ ಗಾಳಿ ಕುಡಿದು ಎದೆ ಗೊರಗೊರ ಅನ್ನುತ್ತಿತ್ತು. ಕುಳಿತು ಮಾಡುವ ಕಾಯಂ ಕೆಲಸ ಅವನಿಗೆ ನಿಜಕ್ಕೂ ಬೇಕಾಗಿತ್ತು. ಆದರೆ ಕೆಲಸ ಸಿಕ್ಕಿತೆಂದು ಸುಮ್ಮನಿರುವ ಸ್ವಭಾವ ಅವನದಲ್ಲ. ಮರುದಿನವೇ ತನ್ನ ಮೊಪೆಡ್ಡಿನ ಹಿಂದೆ “ನಾಮದೇವ, ಶಸ್ತ್ರ ಲೇಪನ ತಜ್ಞ” ಎಂದು ನೆರಳು ಕೊಟ್ಟ ಅಕ್ಷರಗಳಲ್ಲಿ ಬರೆದುಕೊಂಡ. ಎದುರು ಮನೆಯ ಭಾಗಮ್ಮ ಅದನ್ನು ಓದಿಸಿಕೊಂಡು, ಬ್ರೇಕಿನ ಕತೆಯನ್ನೂ ಕೇಳಿ, “ಬಂದೂಕಕ್ಕ ಬ್ರೇಕ್ ಯಾಕಪ್ಪಾ, ಗುಂಡು ನಡುದಾರ್ಯಾಗ ನಿಂದ್ರತದೇನು?” ಎಂದಳು. ನಾಮದೇವ ಅದಕ್ಕೂ ಅರ್ಧ ಗಂಟೆ ಉತ್ತರ ಕೊಟ್ಟ.

ಎರಡು ತಿಂಗಳು ಮೂರು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮ್ಯಾಚಿಗೆ ಒಂದೇ ವಾರ ಉಳಿದಾಗ, ಐತವಾರದ ಅಭ್ಯಾಸ ಮುಗಿದ ಮೇಲೆ ಬ್ರೇಕಿನ ಕಿಂಡಿಗಳಲ್ಲಿ ಮಸಿ ಹಿಡಿದಿತ್ತು. ಬ್ರೇಕು ಬಿಚ್ಚಿದ ರೈಫಲ್ ಕ್ಲಬ್ಬಿನ ಕೋಣೆಯಲ್ಲಿದ್ದ ಅಧ್ಯಕ್ಷರ ಬೀರುವಿನಲ್ಲಿ ಬೀಗದೊಳಗೆ ಹೋಯಿತು. ಬ್ರೇಕನ್ನು ಕ್ಲಬ್ಬಿನಲ್ಲೇ ಒರೆಸಿ ಇಡಬಹುದಿತ್ತು. ತಜ್ಞನಿಗೆ ಅದು ಸಾಲದು. ಮನೆಗೆ ತಂದ, ಸೀಗೆಪುಡಿಯ ನೀರಿನಲ್ಲಿ ಮೆತ್ತಗೆ ತೊಳೆದ, ಮಸಿಯೆಲ್ಲ ಹೋಯಿತು. ಇನ್ನು ಐತವಾರದವರೆಗೆ ಒಂದೂ ಗೀಚು ಬೀಳದಂತೆ ಸುತ್ತಿಡುವುದು ಬಾಕಿ.

ವಾಡಿಯ ಮನೆಗಳಲ್ಲಿ ಏನನ್ನೇ ಇಡಲಿ, ಖಾಲಿ ಸಿಮೆಂಟ್ ಚೀಲದಲ್ಲಿ ಇಡುತ್ತಾರೆ. ಜೋಳ ಅದರಲ್ಲಿ, ಉಳ್ಳಾಗಡ್ಡಿ ಅದರಲ್ಲಿ, ಮಕ್ಕಳ ಹಳೇ ಪುಸ್ತಕ ಅದರಲ್ಲಿ, ಬಚ್ಚಲಿಗೆ ಪರದೆಯೂ ಅದರದೇ. ಎಲ್ಲರೂ ಚೀಲವನ್ನು ಮೊದಲು ಝಾಡಿಸಿ, ತೊಳೆದು, ಒಣಗಿಸುತ್ತಾರೆ. ಆವತ್ತು ಭಾಗಮ್ಮನ ಮನೆಗೆ ಗಿಲಾಯಿ, ಅಂದರೆ ಗೋಡೆಗೆ ಸಿಮೆಂಟು ಬಳಿಯುವುದು, ನಡೆದಿತ್ತು. ಗೌಂಡಿಗಳು ಆಗತಾನೇ ಖಾಲಿ ಮಾಡಿ ಎಸೆದ ಚೀಲದೊಳಗೆ ನಾಮದೇವ ಕೈ ಹಾಕಿದ. ಒಳಗೆಲ್ಲ ಮೆತ್ತನೆಯ ಪುಡಿ. “ಪೌಡರ್ ಹಾಕಿದಂಗ ಅದ, ಗೀಚು ಬೀಳೋ ಮಾತೇ ಇಲ್ಲ” ಎಂದು ಖುಷಿಪಟ್ಟು, ಹಸಿ ಹಸಿ ಬ್ರೇಕನ್ನು ಅದರಲ್ಲಿ ಸುತ್ತಿ, ಸುತ್ತಿ, ಹಗ್ಗ ಬಿಗಿದು ಮಂಚದ ಕೆಳಗಿಟ್ಟ.

ಬುಧವಾರ ಬಿಚ್ಚಿದ. ಒಳಗಿಂದ ಬೂದು ಬಣ್ಣದ ಕಲ್ಲೊಂದು ಉರುಳಿ ಬಿತ್ತು.

“ಏನ್ರಿ ಇದು, ಮಸಾಲಿ ಅರಿಯೋ ಗುಂಡಕಲ್ಲಾ?” ಎಂದು ಹೆಂಡತಿ ಲಾಲಮ್ಮ ಕೇಳಿದಳು.

“ಬ್ರೇಕು” ಎಂದ ನಾಮದೇವ. ಆರೂ ಕಿಂಡಿಗಳು ಮುಚ್ಚಿ ಹೋಗಿದ್ದವು. ಒಂದು ಕಡೆ ಚೀಲದ ದಾರವೂ ಸೇರಿಕೊಂಡು ಗಟ್ಟಿಯಾಗಿತ್ತು.

ಅವನು ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಶಹಾಬಾದಿಗೆ ಓಡಿದ. ಅಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಮಷೀನಿನ ಸಿದ್ಧಲಿಂಗ ಅವನ ಹಳೆಯ ಪರಿಚಯ. ಸಿದ್ಧಲಿಂಗ ಆ ಕಲ್ಲನ್ನು ತಿರುಗಿಸಿ ನೋಡಿ, ಬೆರಳಿನಿಂದ ಬಡಿದು ಸದ್ದು ಕೇಳಿ ಹೇಳಿದ.

“ಹತ್ತು ಮಿನಿಟಿನ ಕೆಲಸ. ಮಷೀನಿಗಿ ಹಿಡಿದ್ನೆಂದ್ರ ನಿನ್ನ ಮಾರಿ ಕಾಣಬೇಕು ಅದರಾಗ.”

“ಕೋಟಿಂಗ್ ಉಳಿತದಲ್ಲ?”

“ಕೋಟಿಂಗ್ ಇದ್ದರ ಮಾರಿ ಹ್ಯಾಂಗ ಕಾಣ್ತದೋ?”

ಆಸಿಡ್ ಬೇಡ, ಮಷೀನು ಬೇಡ, ಉಳಿ ಬೇಡ, ತಂತಿ ಬ್ರಶ್ ಬೇಡ. ಯಾವುದು ಬೇಡ ಎಂಬುದರಲ್ಲಿ ನಾಮದೇವನನ್ನು ಮೀರಿಸುವವರಿಲ್ಲ. ಏನು ಬೇಕು ಎಂಬಲ್ಲಿಗೆ ಬಂದಾಗ ತಜ್ಞನ ತಲೆ ಖಾಲಿಯಾಗಿತ್ತು. ಮನೆಗೆ ಬಂದು ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ.

ಬೇಸ್ತವಾರ ಬೆಳಿಗ್ಗೆ ಲಾಲಮ್ಮ ಚಹಾದ ಕಪ್ಪು ಅವನ ಮುಂದಿಟ್ಟು ಹೇಳಿದಳು. “ಬೆಲ್ಲದ ನೀರಾಗ ಹಾಕ್ರಿ.”

“ಏನು?”

“ಹದಿನೈದು ವರ್ಷ ಗೌಂಡಿಗಳ ಕೈ ಕೆಳಗ ದುಡದೀನಿ. ಥಾಪಿ, ಬುಟ್ಟಿ, ಮಿಕ್ಸರ್ ತೊಳಿಯೋದು ನಂದೇ ಕೆಲಸ ಇತ್ತು. ಗಟ್ಟಿ ಬೆಲ್ಲದ ನೀರು ಮಾಡಿ ಎರಡ ಮೂರ ದಿನ ನೆನಿ ಬಿಟ್ಟರ ಸಿಮೆಂಟು ತಾನೇ ಬಿಡ್ತದ. ಅದಕ್ಕ ಬೆಲ್ಲ ಅಂದ್ರ ಆಗಂಗಿಲ್ಲ.”

“ಏ ಹುಚ್ಚೀ, ಇದು ಶಸ್ತ್ರ! ಹೋಳಿಗಿ ಅಲ್ಲ!”

“ಹಂಗಾರ ಮಲಗ್ರಿ” ಎಂದು ಲಾಲಮ್ಮ ಕಸ ಗುಡಿಸಲು ಹೋದಳು.

ನಾಮದೇವ ಮಲಗಲಿಲ್ಲ. ಕೂತು ಲೆಕ್ಕ ಹಾಕಿದ. ಬೆಲ್ಲದಲ್ಲಿ ಆಸಿಡ್ ಇಲ್ಲ. ನೆನೆಯುವುದರಲ್ಲಿ ತಿಕ್ಕುವುದಿಲ್ಲ. ಲೇಪಕ್ಕೆ ತಿಕ್ಕಿದರೆ ತಾನೇ ಪೆಟ್ಟು? ಎದ್ದು ನಿಂತು, “ನಾ ಆವಾಗಲಿಂದ ಅದೇ ವಿಚಾರ ಮಾಡ್ಲಿಕತ್ತಿದ್ದೆ” ಎಂದ. ಲಾಲಮ್ಮ ಪೊರಕೆ ನಿಲ್ಲಿಸಿ ಒಮ್ಮೆ ನೋಡಿದಳು, ಅಷ್ಟೇ.

ವಾಡಿಯಲ್ಲೇ ಕೊಂಡರೆ ಹತ್ತು ಮಂದಿ ಕೇಳುತ್ತಾರೆ ಎಂದು ಅವನು ಬಸ್ಸು ಹಿಡಿದು ಚಿತ್ತಾಪುರಕ್ಕೆ ಹೋದ. ಬಜಾರದಲ್ಲಿ ಮಾಣಿಕಪ್ಪನ ಕಿರಾಣಿ ಅಂಗಡಿ. ನಾಮದೇವ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ.

“ಕರೀ ಬೆಲ್ಲ ಅದೇನ್ರಿ? ಭಾಳ ಹಳೀದು. ತಿನ್ನಲಿಕ್ಕ ಬರಲಾರದ್ದು. ಹತ್ತು ಕಿಲೋ.”

ಮಾಣಿಕಪ್ಪ ತಕ್ಕಡಿಯಿಂದ ಕೈ ತೆಗೆದ. ಕರೀ ಬೆಲ್ಲವನ್ನು ಇಷ್ಟೊಂದು ಕೇಳುವವರು ಮನೆಯಲ್ಲಿ ಏನು ಕಾಯಿಸುತ್ತಾರೆ ಎಂಬುದು ಗೊತ್ತಿಲ್ಲದಷ್ಟು ಮುಗ್ಧ ವ್ಯಾಪಾರಿ ಅವನಲ್ಲ. “ತಿನ್ನಲಿಕ್ಕ ಅಲ್ಲಂದ್ರ ಎದಕ್ಕಪ್ಪಾ?”

“ಬಂದೂಕ ತೊಳಿಲಿಕ್ಕ.”

ಮೂವತ್ತು ವರ್ಷದ ವ್ಯಾಪಾರದಲ್ಲಿ ಮಾಣಿಕಪ್ಪ ಎಮ್ಮೆಗೆ, ಮಾಳಿಗೆಯ ಗಾರೆಗೆ, ಬಾಣಂತಿಯ ಲಾಡುವಿಗೆ ಎಂಬ ನೆವಗಳನ್ನೆಲ್ಲ ಕೇಳಿದ್ದ. ಇಂಥ ಧೈರ್ಯದ ನೆವ ಇದೇ ಮೊದಲು. ಅವನು ಬೆಲ್ಲವನ್ನು ಗೌರವದಿಂದ ತೂಗಿ ಕೊಟ್ಟ. ನಾಮದೇವನ ಬಸ್ಸು ಹೊರಡುವ ಮೊದಲೇ ಆ ಸುದ್ದಿ ಬಜಾರದ ಆ ತುದಿಯಲ್ಲಿತ್ತು. ವಾಡಿಗೆ ಅವನಿಗಿಂತ ಮೊದಲು ಅದೇ ತಲುಪಿತು.

ಶುಕ್ರವಾರ ಭಾಗಮ್ಮ ಸೆರಗಿನಲ್ಲಿ ಔಷಧದ ಸಣ್ಣ ಬಾಟಲಿ ಮುಚ್ಚಿಕೊಂಡು ಬಂದಳು.

“ನಾಮದೇವಾ, ನಾ ಕುಡಿಯಾಕಿ ಅಲ್ಲ. ಮೊಣಕಾಲಿಗಿ ಹಚ್ಚಲಿಕ್ಕ ಜರಾ ಕೊಡು.”

“ಏನು ಹಚ್ಚತಿ ಭಾಗಮ್ಮಕ್ಕಾ?”

“ಅದೇ, ಬಕೀಟಿನ್ಯಾಗಿಂದು.”

ಬಚ್ಚಲ ಮೂಲೆಯಲ್ಲಿ ಬ್ರೇಕು ನೆನೆಹಾಕಿ ಗೋಣಿತಟ್ಟು ಮುಚ್ಚಿದ ಬಕೆಟ್ಟಿನ ಸುದ್ದಿ ಹೊರಗೆ ಹೋಗಿದೆ ಎಂದು ತಿಳಿದಾಗ ನಾಮದೇವನಿಗೆ ಗಾಬರಿಯಾಯಿತು. ಸಿಮೆಂಟಿನ ಗುಟ್ಟು ರಟ್ಟಾಯಿತೆಂದೇ ಅವನು ತಿಳಿದ. “ಮಂದಿಗಿ ಹೇಳಬ್ಯಾಡಕ್ಕಾ. ಸಾಹೇಬರಿಗಿ ಗೊತ್ತಾದ್ರ ನನ್ನ ನೌಕರಿ ಹೋಗ್ತದ. ಇನ್ನ ಎರಡ ದಿನ ನೆನಿಬೇಕು ಅದು. ಐತವಾರ ಮುಂಜಾನಿ ಹೊರಗ ತೆಗಿತೀನಿ. ಆವಾಗ ನೋಡು ಅದರ ಜೋರು!”

ಭಾಗಮ್ಮ ತೃಪ್ತಿಯಿಂದ ಹೋದಳು. ಯಾರಿಗೂ ಹೇಳಬೇಡಿ ಎಂದು ಓಣಿಯ ಎಲ್ಲರಿಗೂ ಹೇಳಿದಳು.

ಶನಿವಾರ ಚಿಂಚೋಳಿಯಿಂದ ಲಾಲಮ್ಮನ ತಮ್ಮ ಕಪಿಲ ಬಂದಿಳಿದ. ದೀಪಾವಳಿಗೆ ಕರೆದರೂ ಬಾರದವನು. ಎರಡೂ ಕೈಯಲ್ಲಿ ಐದೈದು ಲೀಟರಿನ ಖಾಲಿ ಕ್ಯಾನು.

“ಅಕ್ಕನ ಭಾಳ ನೆನಪಾತು, ಭಾವಾ.”

“ಕ್ಯಾನ್ ಎದಕ್ಕೋ?”

“ಹಾದಿಗಿ ನೀರು.”

“ಖಾಲಿ ಅವಲ್ಲ?”

“ಹೋಗುವಾಗ ತುಂಬಿಸ್ಕೊಂಡು ಹೋಗ್ತೀನಲ್ಲ!” ಎಂದು ಕಪಿಲ ಭಾವನ ಪಕ್ಕೆ ತಿವಿದು ನಕ್ಕ.

ಲಾಲಮ್ಮನಿಗೆ ಎಲ್ಲವೂ ಅರ್ಥವಾದದ್ದು ಆಗಲೇ. ಗೋಡೆಯ ಮೇಲಿದ್ದ ಬುದ್ಧ, ಬಾಬಾಸಾಹೇಬರ ಫೋಟೋಗಳನ್ನು ತೋರಿಸಿ ತಮ್ಮನಿಗೆ ಗದರಿದಳು. “ದಿನಾ ಪಂಚಶೀಲ ಅಂತೀವಿ ಈ ಮನ್ಯಾಗ. ಕುಡಿತ ಬ್ಯಾಡ ಅಂತ ಐದನೇ ಶೀಲ ಹೇಳ್ತದಿಲ್ಲೋ? ನಾಚಿಕಿ ಆಗಬೇಕು ನಿನಗ!” ಕಪಿಲ ತಲೆ ತಗ್ಗಿಸಿದ. ಕ್ಯಾನು ಮಾತ್ರ ಕೈಬಿಡಲಿಲ್ಲ, ಏಕೆಂದರೆ ಬಚ್ಚಲಿನಿಂದ ಬರುತ್ತಿದ್ದ ವಾಸನೆ ಶೀಲಕ್ಕೆ ಅನುಕೂಲವಾಗಿರಲಿಲ್ಲ. ಎರಡು ದಿನ ನೆನೆದ ಬೆಲ್ಲದ ನೀರು ನೊರೆ ಎದ್ದು ಹುಳಿ ಹುಳಿಯಾಗಿ ಘಮ್ಮೆನ್ನುತ್ತಿತ್ತು.

ಐತವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದ ನಾಮದೇವ ಅಲ್ಲಿಯೇ ನಿಂತುಬಿಟ್ಟ. ಓಣಿಯಲ್ಲಿ ಸಾಲು. ತಂಬಿಗೆ, ಬಾಟಲಿ, ಟಿಫಿನ್ ಡಬ್ಬಿ. ಮುಂದೆ ಭಾಗಮ್ಮ ತನ್ನ ಔಷಧದ ಬಾಟಲಿ ಬಿಟ್ಟು ಈ ಸಲ ದೊಡ್ಡ ಚರಿಗೆ ತಂದಿದ್ದಳು. ಸಾಲಿನ ಹಿಂದೆ ಅಬಕಾರಿ ಇಲಾಖೆಯ ಜೀಪು ಬಂದು ನಿಂತಿತು. ಎರಡೇ ನಿಮಿಷದಲ್ಲಿ ಓಣಿಯಲ್ಲಿ ಜೀಪು ಮಾತ್ರ ಉಳಿಯಿತು.

ಇಳಿದವರು ಫೈಜಾನ್ ಸಾಹೇಬರು. ಹೊಸ ಇನ್ಸ್‌ಪೆಕ್ಟರು, ಚಿಕ್ಕ ವಯಸ್ಸು. ಬಂದು ಆರು ತಿಂಗಳಾದರೂ ಒಂದೂ ಕೇಸು ಸಿಕ್ಕಿರಲಿಲ್ಲ. ನೇರ ಬಚ್ಚಲಿಗೆ ನಡೆದು, ಗೋಣಿತಟ್ಟು ಎತ್ತಿ, ಕಣ್ಣು ಮುಚ್ಚಿ ವಾಸನೆ ತೆಗೆದುಕೊಂಡರು. ಅವರ ಮುಖದ ಮೇಲೆ ಮೂಡಿದ ಸಂತೋಷವನ್ನು ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತಿತ್ತು.

“ಏನಿದು?”

“ಬೆಲ್ಲದ ನೀರ್ರಿ ಸಾಹೇಬರ.”

“ಎದಕ್ಕ ಇಟ್ಟೀರಿ?”

“ಬಂದೂಕ ತೊಳಿಲಿಕ್ಕ.”

“ಚಿತ್ತಾಪುರದಾಗೂ ಹಿಂಗೇ ಅಂದೀರಂತ!” ಸಾಹೇಬರು ತೋಳು ಮಡಚಿ ಬಕೆಟ್ಟಿನ ತಳಕ್ಕೆ ಕೈ ಹಾಕಿದರು. ಏನೋ ತಾಗಿತು. ಎತ್ತಿದರೆ ಅಂಟು ಅಂಟಾದ, ನೊರೆ ಸುರಿಯುವ, ಮೇಲೆ ನಾಲ್ಕು ಇರುವೆ ಹರಿದಾಡುವ ಭಾರದ ವಸ್ತು.

“ಇದೇನು?”

“ಬ್ರೇಕು.”

“ಯಾವ ಗಾಡೀದು?”

“ಗಾಡೀದಲ್ರಿ, ಬಂದೂಕಂದು.”

ಫೈಜಾನ್ ಸಾಹೇಬರ ಸಂತೋಷ ಇಳಿದು ಅದರ ಜಾಗದಲ್ಲಿ ಭಯ ಬಂತು. ಕಳ್ಳ ಸಾರಾಯಿ ಹಿಡಿಯಲು ಬಂದವರ ಕೈಯಲ್ಲಿ ಬಂದೂಕದ ಭಾಗ! ಯಾವ ಕಾಯಿದೆ, ಯಾವ ಫಾರಮು? “ಹಂಗಾರ ಖರೇನೇ ಬಂದೂಕ ಅದ?” ಎಂದು ಪಿಸುಗುಟ್ಟಿದರು.

“ನಾ ಮೂರ ದಿನದಿಂದ ಖರೇನೇ ಹೇಳ್ಲಿಕತ್ತೀನಿ. ಒಬ್ಬರೂ ನಂಬವಲ್ಲರು!” ನಾಮದೇವನಿಗೆ ಅಳುವೇ ಬಂತು. “ಲೈಸನ್ಸು ಗುರುಲಿಂಗಪ್ಪ ಸಾಹೇಬರ ಹತ್ರ ಅದ. ಹತ್ತು ಗಂಟಿಗಿ ಮ್ಯಾಚ್ ಅದ. ಇದು ಮುಟ್ಟಲಿಲ್ಲಂದ್ರ ನನ್ನ ನೌಕರಿ ಹೋಯ್ತು.”

“ಎಲ್ಲಾರೂ ಜೀಪಿನಾಗ ಕುಂದ್ರಿ” ಎಂದರು ಸಾಹೇಬರು. ಬಕೆಟ್ ಲಾಲಮ್ಮನ ತೊಡೆಯ ಮೇಲೆ. ಪಂಚನಾಮೆಗೆ ಸಾಕ್ಷಿಗಳು ಬೇಕಲ್ಲ, ಎದುರು ಮನೆಯಿಂದ ಕರೆತಂದ ಭಾಗಮ್ಮ ಮತ್ತು ಕಪಿಲ ಹಿಂದಿನ ಸೀಟಿನಲ್ಲಿ.

ಗಣಿಯಲ್ಲಿ ಗುರುಲಿಂಗಪ್ಪನವರು ತುದಿ ಬೋಳಾದ ರೈಫಲ್ ಮುಂದಿಟ್ಟುಕೊಂಡು ಬಿಳಿ ಅಂಗಿಯಲ್ಲಿ ಕೆಂಪಗೆ ಕೂತಿದ್ದರು. ಚಿಂಚೋಳಿಯವರು ಆಗಲೇ ಬಂದು ಚೂಡಾ ತಿನ್ನುತ್ತಿದ್ದರು. ಕ್ಲಬ್ಬಿನ ಪರವಾಗಿ ಹೊಡೆಯಬೇಕಾದ ಪೂನಮ್, ಶಹಾಬಾದಿನ ಶಾಲೆಯೊಂದರ ಆಟದ ಟೀಚರ್, ಗಡಿಯಾರ ನೋಡುತ್ತಿದ್ದಳು. ಜೀಪಿನಿಂದ ತಮ್ಮ ಆರ್ಮರರ್ ಇಳಿದದ್ದನ್ನು, ಅವನ ಹಿಂದೆ ಖಾಕಿ, ಬಕೆಟ್, ಚರಿಗೆ, ಕ್ಯಾನು ಇಳಿದದ್ದನ್ನು ಅಧ್ಯಕ್ಷರು ನೋಡಿದರು.

“ನಾಮದೇವ, ಬ್ರೇಕ್ ಎಲ್ಲಿ?”

ನಾಮದೇವ ಬಕೆಟ್ ತೋರಿಸಿದ. ಗುರುಲಿಂಗಪ್ಪನವರು ಬಗ್ಗಿ ನೋಡಿದರು, ಮೂಗು ಮುಚ್ಚಿಕೊಂಡರು. “ಮೂರ ತಿಂಗಳ ಆಯ್ತು. ನೀ ಇನ್ನ ಮನಿಗಿ ಹೋಗು” ಎಂದರು. ಕೂಗಾಡಿದ್ದರೆ ನಾಮದೇವ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ ಹೇಳಿದ್ದಕ್ಕೆ ಅವನು ತಿರುಗಿ ಎರಡು ಹೆಜ್ಜೆ ಇಟ್ಟೇ ಬಿಟ್ಟ.

“ಜರಾ ತಡಿರಿ ಯಪ್ಪಾ, ಸಿಮೆಂಟು ಬಿಡಸ್ತೀನಿ” ಎಂದಳು ಲಾಲಮ್ಮ. ಯಾರ ಅಪ್ಪಣೆಗೂ ಕಾಯದೆ ನೆಲದ ಮೇಲೆ ಕೂತು, ಬ್ರೇಕನ್ನು ಎತ್ತಿ ಅಂಗೈ ಮೇಲೆ ಮೆಲ್ಲಗೆ ತಟ್ಟಿದಳು. ಬೂದು ಹೆಪ್ಪು ಹಸಿ ಮಣ್ಣಿನಂತೆ ಜಾರಿ ಬಿತ್ತು. ಇನ್ನೊಂದು ತಟ್ಟು, ಇನ್ನೊಂದು ಚೂರು. ಕಪಿಲನ ಕ್ಯಾನಿಗೆ ಕೊನೆಗೂ ಕೆಲಸ ಬಂತು, ಬೋರಿನಿಂದ ನೀರು ತಂದು ಸುರಿದ. ಲಾಲಮ್ಮ ಪೊರಕೆ ಕಡ್ಡಿಯೊಂದನ್ನು ಒಂದೊಂದೇ ಕಿಂಡಿಯಲ್ಲಿ ಆಡಿಸಿದಳು. ಆಮೇಲೆ ತುಂಡನ್ನು ಬಿಸಿಲಿಗೆ ಹಿಡಿದು ನಡುವಿನ ತೂತಿನಿಂದ ಈ ಕಡೆಯಿಂದ ಆ ಕಡೆ ನೋಡಿ, ಪೂನಮ್‌ಗೆ ಕೊಟ್ಟಳು. ಪೂನಮ್ ನೋಡಿ, ಬಟ್ಟೆಯಿಂದ ಒರೆಸಿ, ಮತ್ತೆ ನೋಡಿ, “ಆರ್ ಪಾರ್ ಸಾಫ್ ಅದರಿ ಸರ್” ಎಂದಳು.

ಗುರುಲಿಂಗಪ್ಪನವರು ಎರಡು ಕನ್ನಡಕ ಬದಲಿಸಿ ನೋಡಿದರು. ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಮಾಸಲು ಕಪ್ಪು. ಒಂದು ಗೀಚಿಲ್ಲ, ಒಂದು ಕಲೆಯಿಲ್ಲ. “ಸಿಮೆಂಟು ಕೂತು ಎದ್ದ ಮ್ಯಾಲೂ ಹಿಂಗ ಅದಾ?” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಈ ಸಲ ನಾಮದೇವನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಇತಿಹಾಸದಲ್ಲಿ ಅದೇ ಮೊದಲು.

ಬ್ರೇಕನ್ನು ಕೂಡಿಸಿ ಪೂನಮ್ ಪರೀಕ್ಷೆಯ ಗುಂಡಿಗೆ ಮಲಗಿದಳು. ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಂಡು ಹಿಂದೆ ಸರಿದರು. ಲೇಪ ಏನಾಗುತ್ತದೋ ನೋಡಬೇಕೆಂದು ಗುರುಲಿಂಗಪ್ಪನವರೂ, ಸಾಕ್ಷ್ಯ ಕಣ್ಣು ತಪ್ಪಬಾರದೆಂದು ಫೈಜಾನ್ ಸಾಹೇಬರೂ ಹಿಂದೆ ಸರಿದಂತೆ ಮಾಡಿ ಪಕ್ಕದಲ್ಲೇ ಉಳಿದರು.

“ಬಾಜೂಕ ನಿಂದ್ರಬ್ಯಾಡ್ರಿ!” ಎಂದು ನಾಮದೇವ ಚೀರಿದ. ಮೂರು ತಿಂಗಳಲ್ಲಿ ಅವನು ಕಲಿತ ಮೂರನೆಯ ಸಂಗತಿ ಅದು. ಇಬ್ಬರಿಗೂ ಕಿವಿ ಮುಚ್ಚಿತ್ತು.

ಢಂ ಎಂದಿತು. ಗುಂಡು ಹಲಗೆಯ ನಟ್ಟನಡುವೆ ಹೋಯಿತು. ತಿರುಪಿನ ಸಂದಿನಲ್ಲಿ ಎಲ್ಲೋ ಉಳಿದಿದ್ದ ಮೂರು ದಿನದ ಪಾಕ ಎಡಕ್ಕೂ ಬಲಕ್ಕೂ ಹೋಯಿತು. ಎಡಕ್ಕೆ ಅಧ್ಯಕ್ಷರ ಬಿಳಿ ಅಂಗಿ, ಬಲಕ್ಕೆ ಇಲಾಖೆಯ ಖಾಕಿ.

ಚಿಂಚೋಳಿಯವರು ಚೂಡಾ ಅಗಿಯುವುದನ್ನೂ ನಿಲ್ಲಿಸಿದರು. ಗುರುಲಿಂಗಪ್ಪನವರು ಮೀಸೆಯ ಮೇಲಿನ ಹನಿಯನ್ನು ಒರೆಸಲು ಹೋಗಿ, ಏನು ತೋಚಿತೋ, ನಾಲಗೆಗೆ ಮುಟ್ಟಿಸಿದರು. “ಬೆಲ್ಲಾನೇ ಅದ” ಎಂದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು. ಆಮೇಲೆ ಇಡೀ ಗಣಿ ನಕ್ಕಿತು.

ಫೈಜಾನ್ ಸಾಹೇಬರೂ ತಮ್ಮ ಬೆರಳು ನೆಕ್ಕಿ, ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಪಂಚನಾಮೆ ಬರೆದರು: ವಾಸನೆ, ಬೆಲ್ಲ. ರುಚಿ, ಸಿಮೆಂಟು. ಅಪರಾಧ, ಇಲ್ಲ. ಭಾಗಮ್ಮ ಹೆಬ್ಬೆಟ್ಟು ಒತ್ತಿದಳು.

ಮ್ಯಾಚು ನಡೆಯಿತು. ಇಪ್ಪತ್ತು ಗುಂಡು ಹೊಡೆದರೂ ಪೂನಮ್‌ಳ ಹೆಗಲು ನೋಯಲಿಲ್ಲ, ಕೈ ನಡುಗಲಿಲ್ಲ. ಚಿಂಚೋಳಿಯವರು ಹನ್ನೊಂದು ಅಂಕಗಳಿಂದ ಸೋತು, ಹೋಗುವ ಮೊದಲು ಬೆಲ್ಲ ಎಷ್ಟು, ನೀರು ಎಷ್ಟು ಎಂದು ಕೇಳಿ ಬರೆದುಕೊಂಡರು.

ಗುರುಲಿಂಗಪ್ಪನವರು ನಾಮದೇವನ ಬೆನ್ನು ತಟ್ಟಿದರು. “ಮನಿಗಿ ಹೋಗು ಅಂದಿದ್ದು ವಾಪಸ್ ತಗೋತೀನಪ್ಪಾ. ನಿನ್ನಂಥ ಎಕ್ಸ್‌ಪರ್ಟ್ ನಮ್ಮ ಜಿಲ್ಲಾದಾಗ ಇಲ್ಲ. ಇವತ್ತಿನಿಂದ ನೀ ಕಾಯಂ!”

ಚಪ್ಪಾಳೆ ಬಿತ್ತು. ಸುಮ್ಮನೆ ಕೈ ಮುಗಿದಿದ್ದರೆ ಮುಗಿಯುತ್ತಿತ್ತು. ನಾಮದೇವ ಕೈ ಮುಗಿಯಲು ಎತ್ತಿದ, ಇಳಿಸಿದ. ನೆಲದ ಮೇಲೆ ಕೂತು ಬಕೆಟ್ ತೊಳೆಯುತ್ತಿದ್ದ ಹೆಂಡತಿಯನ್ನು ನೋಡಿದ.

“ಸುಳ್ಳು ಹೇಳಂಗಿಲ್ರಿ ಸಾಹೇಬರ. ಸಿಮೆಂಟ್ ಚೀಲದಾಗ ಸುತ್ತಿಟ್ಟು ಕೆಡಿಸಿದಾಂವ ನಾ. ಉಳಿಸಿದಾಕಿ ಈಕಿ. ಕಾಯಂ ಮಾಡೋದಿದ್ದರ ಈಕೀನ ಮಾಡ್ರಿ.”

ಅಧ್ಯಕ್ಷರು ಲಾಲಮ್ಮನ ಕಡೆ ತಿರುಗಿದರು. “ಏನಮ್ಮಾ, ನೀ ಬರ್ತೀಯೇನು ಆರ್ಮರರ್ ಆಗಿ?”

ಲಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಗಣಿಯನ್ನೊಮ್ಮೆ, ರೈಫಲನ್ನೊಮ್ಮೆ, ಕಣ್ಣು ತುಂಬಿಕೊಂಡು ನಿಂತ ಗಂಡನನ್ನೊಮ್ಮೆ ನೋಡಿದಳು.

“ಬರ್ತೀನಿ ಯಪ್ಪಾ. ಆದ್ರ ಒಬ್ಬಾಕೀನೇ ಬರಂಗಿಲ್ಲ. ಏನೇನು ಹಚ್ಚಬಾರದು ಅಂತ ಹೇಳಲಿಕ್ಕ ಒಬ್ಬರು ಬೇಕು ನನಗ. ಆ ಕೆಲಸದಾಗ ಇವರಷ್ಟು ಶಾಣ್ಯಾ ಯಾರೂ ಇಲ್ಲ. ಇಬ್ಬರನ್ನೂ ಕಾಯಂ ಮಾಡ್ತಿದ್ದರ ಹೇಳ್ರಿ, ನಾಳಿಯಿಂದ ಬರ್ತೀವಿ.”

“ನಾಳಿ ಯಾಕ, ಇವತ್ತೇ ಶುರು ಮಾಡ್ರಿ” ಎಂದು ಗುರುಲಿಂಗಪ್ಪನವರು ಬೀರುವಿನ ಬೀಗದ ಕೈಯನ್ನು ಲಾಲಮ್ಮನ ಅಂಗೈಯಲ್ಲಿಟ್ಟರು.

“ನಾ ಆವಾಗಲಿಂದ ಅದೇ ವಿಚಾರ...” ಎಂದು ಶುರು ಮಾಡಿದ ನಾಮದೇವ, ಹೆಂಡತಿ ನೋಡಿದ್ದನ್ನು ನೋಡಿ ಬಾಯಿ ಮುಚ್ಚಿದ. ಕಣ್ಣೊರೆಸಿಕೊಂಡು ಬಕೆಟ್ ಎತ್ತಿ ಹೆಗಲಿಗೇರಿಸಿಕೊಂಡ. ಆಮೇಲೆ ಎದೆ ಮುಂದೆ ಮಾಡಿಕೊಂಡು, ಬೀಗದ ಕೈ ಹಿಡಿದು ನಡೆದ ಲಾಲಮ್ಮನ ಹಿಂದೆ, ಕ್ಲಬ್ಬಿನ ಕೋಣೆಯ ಕಡೆಗೆ ಹೊರಟ.